ಮೊಳೆತ ಬೀಜವನ್ನು ಸಸಿಯಾಗಿ ಉಳಿಸಿಕೊಳ್ಳುವ ಕ್ರಮ: ಮೆಣಸಿನಕಾಯಿ ಒಟ್ಲುಪಾತಿಯನ್ನು ಕುರಿತ ವಿವರಣೆ

ಮುಂಗಾರು ಸಮೀಪಿಸುತ್ತಿರುವಾಗ ಮೆಣಸಿನಕಾಯಿ ಬೆಳೆಯುವ ರೈತರು ಒಟ್ಲುಪಾತಿಯನ್ನು ಹದಮಾಡಿ ಬೀಜವನ್ನು ಚೆಲ್ಲುವುದು ವಾಡಿಕೆಯಾಗಿದೆ. ಎಂಟು ಹತ್ತು ದಿನಗಳಲ್ಲಿ ಪಾತಿಯೆಲ್ಲವೂ ಹಸುರಾಗುವುದು. ಅದನ್ನು ಕಂಡು ಯಜಮಾನನಿಗೆ ಸಂತೋಷವಾಗುವುದು ಸಹಜವೇ. ಆದರೆ ಅನಂತರದ ಒಂದು ವಾರದೊಳಗಾಗಿ ಪಾತಿಯ ನಡುವೆ ಅಂಗೈಯಗಲದ ಬೋಳು ತಾಣಗಳು ಕಾಣಿಸಿಕೊಂಡು, ದಿನೇ ದಿನೇ ಹಿಗ್ಗುತ್ತಾ, ಕೆಲವು ವೇಳೆ ಮುಕ್ಕಾಲು ಪಾತಿಯೇ ಮಲಗಿಹೋಗುವುದುಂಟು. ಆಗ ಊರಿನಲ್ಲಿ ಕೇಳಿಬರುವ ಮಾತು ಒಂದೇ: "ಬೀಜ ಕೆಟ್ಟದ್ದು." ಬೀಜ ಕೊಟ್ಟವನ ಮೇಲೆ ದೂರು ಹುಟ್ಟುವುದು. ಮತ್ತೆ ಬಿತ್ತಿದರೆ ನಾಟಿಯ ಕಾಲವು ಒಂದು ತಿಂಗಳು ಹಿಂದೆ ಬೀಳುವುದು. ಬಿತ್ತದಿದ್ದರೆ ಎಲ್ಲಿಯೋ ಬೆಳೆದ ಸಸಿಗಳನ್ನು ಹಣ ತೆತ್ತು ತಂದು, ಅವುಗಳೊಡನೆ ಬರುವ ರೋಗವನ್ನೂ ಹೊಲಕ್ಕೆ ಇಳಿಸಿಕೊಳ್ಳಬೇಕಾಗುವುದು.

ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ತಪ್ಪು ಬೀಜದ್ದಲ್ಲ. ಮೊಳೆತು ಮೇಲೆ ಬಂದ ಬೀಜವು ತನ್ನ ಕೆಲಸವನ್ನು ಮಾಡಿ ಮುಗಿಸಿದೆ. ಮೊಳಕೆಯು ನೆಲದಿಂದ ತಲೆಯೆತ್ತಿದ ದಿನದಿಂದ ನಾಲ್ಕನೆಯ ಎಲೆ ಬರುವವರೆಗಿನ ಕಾಲವೇ ಸಸಿಯ ಆಯುಷ್ಯದಲ್ಲೆಲ್ಲಾ ಅತ್ಯಂತ ಅಪಾಯದ ಕಾಲ. ಆ ಕಾಲದಲ್ಲಿ ಸಸಿಗಳು ಸಾಯುವುದಕ್ಕೆ ಅಲಕ್ಷ್ಯಕ್ಕಿಂತ ಹೆಚ್ಚಾಗಿ ನಮ್ಮ ಅತಿಯಾದ ಉಪಚಾರವೇ ಕಾರಣವೆಂದು ಹೇಳಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಅತಿಯಾದ ನೀರು, ಅತಿಯಾದ ಬೀಜ, ಕಳಿಯದ ಗೊಬ್ಬರ, ಹೊತ್ತು ಮೀರಿ ಹೊದಿಸಿಟ್ಟ ಹುಲ್ಲು, ಇವುಗಳೇ ಪಾತಿಯನ್ನು ಕೆಡಿಸುವಂಥವು. ಆದಕಾರಣ ಈ ವಿಷಯವನ್ನು ಜಮೀನುದಾರರೂ ಊರಿನ ಮುಖಂಡರೂ ಚೆನ್ನಾಗಿ ತಿಳಿದುಕೊಂಡಿರುವುದು ಅವಶ್ಯ.

ಮೊಳಕೆಯ ಸ್ಥಿತಿ

ಮೆಣಸಿನ ಬೀಜವು ಬಹು ಚಿಕ್ಕದು. ಒಂದು ಗ್ರಾಂ ತೂಕಕ್ಕೆ ಸುಮಾರು ೧೫೦ರಿಂದ ೨೦೦ ಬೀಜಗಳು ಬರುವುವು. ಇಷ್ಟು ಸಣ್ಣ ಬೀಜದೊಳಗೆ ಅಡಗಿರುವ ಆಹಾರವೂ ಅತ್ಯಲ್ಪವೆಂಬುದನ್ನು ನೆನಪಿನಲ್ಲಿಡಬೇಕು. ನೀರು ಹೀರಿದ ಬೀಜದಿಂದ ಮೊದಲು ಬೇರು ಹೊರಟು ಕೆಳಕ್ಕಿಳಿಯುವುದು. ಅನಂತರ ಕಾಂಡವು ಕತ್ತು ಬಗ್ಗಿಸಿಕೊಂಡು ಮಣ್ಣನ್ನು ತಳ್ಳಿ ಮೇಲೆ ಬರುವುದು. ಬೆಳಕು ತಗಲಿದೊಡನೆ ಕತ್ತು ನೆಟ್ಟಗಾಗಿ ಎರಡು ಬೀಜದಳಗಳು ಬಿಚ್ಚಿಕೊಳ್ಳುವುವು. ಇಷ್ಟರಲ್ಲಿ ಬೀಜದೊಳಗಿದ್ದ ಆಹಾರವು ಬಹುಮಟ್ಟಿಗೆ ತೀರಿಹೋಗಿರುವುದು. ಇನ್ನು ಮುಂದೆ ಸಸಿಯು ಬಿಸಿಲಿನ ಸಹಾಯದಿಂದ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳಬೇಕು. ಎದೆಹಾಲು ಬಿಟ್ಟ ಕೂಸು ಅನ್ನಕ್ಕೆ ಒಗ್ಗುವ ಕಾಲ ಹೇಗೋ ಇದೂ ಹಾಗೆಯೇ.

ಈ ಕಾಲದಲ್ಲಿ ಕಾಂಡದ ಬುಡವು ನೀರು ತುಂಬಿದ ಮೆತ್ತನೆಯ ನಾಳದಂತಿರುವುದು. ಅದರಲ್ಲಿ ನಾರಿನ ಅಂಶವಿನ್ನೂ ಬಲಿತಿರುವುದಿಲ್ಲ. ಮಣ್ಣಿನಲ್ಲಿ ವಾಸಿಸುವ ಪಿಥಿಯಂ ಎಂಬ ಬೂಷ್ಟಿನ ಜಾತಿಯು ಈ ಮೆತ್ತನೆಯ ಬುಡವನ್ನೇ ಹುಡುಕುತ್ತಿರುವುದು. ಪೂಸಾದ ಸಂಶೋಧನಾಲಯದಲ್ಲಿದ್ದ ಬಟ್ಲರ್ ಎಂಬ ವಿದ್ವಾಂಸರು ೧೯೦೭ರಲ್ಲಿಯೇ ಈ ಜಾತಿಯನ್ನು ಕುರಿತು ವಿಸ್ತಾರವಾದ ಗ್ರಂಥವನ್ನು ಪ್ರಕಟಿಸಿದರು. ಮಲೆನಾಡಿನವರಿಗೆ ಅಡಿಕೆಯ ಕೊಳೆರೋಗದ ಪರಿಚಯ ಚೆನ್ನಾಗಿ ಇದ್ದೇ ಇದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಂದೆ ವ್ಯವಸಾಯದ ಇಲಾಖೆಯ ನಿರ್ದೇಶಕರಾದ ಕೋಲ್ಮನ್ ಅವರು ಆ ರೋಗದ ಕಾರಣವನ್ನು ಶೋಧಿಸಿ, ಅದು ಫೈಟಾಫ್ತೊರ ಎಂಬ ಜಾತಿಯದೆಂದು ೧೯೧೦ರಲ್ಲಿ ವಿವರಿಸಿದರು. ಪಿಥಿಯಂ ಜಾತಿಯು ಇದರ ಹತ್ತಿರದ ನೆಂಟ. ಇವೆರಡರ ವಿಶೇಷವೇನೆಂದರೆ, ಇವುಗಳ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಮಣ್ಣಿನ ಕಣಗಳ ನಡುವೆ ತೆಳುವಾದ ನೀರಿನ ಪೊರೆಯಿದ್ದರೂ ಸಾಕು, ಅದರೊಳಗೆ ಈಜಿಕೊಂಡು ಒಂದು ಸಸಿಯ ಬುಡದಿಂದ ಮತ್ತೊಂದರ ಬುಡಕ್ಕೆ ಹೋಗುವುವು. ನೀರು ನಿಂತ ಪಾತಿಯಲ್ಲಿ ರೋಗವು ವೃತ್ತಾಕಾರವಾಗಿ ಹರಡುವುದಕ್ಕೂ, ಒತ್ತಾಗಿ ಬೆಳೆದ ಕಡೆಗಳಲ್ಲಿ ಬೇಗನೆ ಹರಡುವುದಕ್ಕೂ ಇದೇ ಕಾರಣ.

ರೋಗ ತಗಲಿದ ಸಸಿಯ ಬುಡವು ನೆಲದ ಮಟ್ಟದಲ್ಲಿ ಬೇಯಿಸಿದಂತೆ ನೀರುಗಟ್ಟಿ, ದಾರದಂತೆ ಸಣ್ಣಗಾಗಿ, ಸಸಿಯು ಪಕ್ಕಕ್ಕೆ ಬಾಗಿ ಬೀಳುವುದು. ಬೀಳುವ ಹೊತ್ತಿಗೆ ಎಲೆಗಳು ಇನ್ನೂ ಹಸುರಾಗಿಯೇ ಇರುವುವು. ಆದುದರಿಂದ ಅನೇಕರು ಇದನ್ನು ನೀರಿನ ಕೊರತೆಯೆಂದು ಭಾವಿಸಿ ಮತ್ತಷ್ಟು ನೀರು ಹಾಕುವರು. ಇದು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆಯೇ ಸರಿ. ಕೆಲವು ಮೊಳಕೆಗಳು ನೆಲದೊಳಗೇ ಕೊಳೆತು ಮೇಲಕ್ಕೆ ಬರುವುದೇ ಇಲ್ಲ. ಅಂತಹ ಪಾತಿಯಲ್ಲಿ ಬೀಜವೇ ಹುಟ್ಟಲಿಲ್ಲವೆಂಬ ಭ್ರಮೆಯುಂಟಾಗುವುದು. ಸಸಿಗೆ ಮೂರು ನಾಲ್ಕು ವಾರಗಳು ತುಂಬಿ ಬುಡವು ಬಲಿತ ಮೇಲೆ ಈ ಭಯವು ಬಹಳ ಮಟ್ಟಿಗೆ ಕಡಮೆಯಾಗುವುದು.

ದೂರು ಬಂದಾಗ ಪರೀಕ್ಷಿಸುವ ಬಗೆ

ಬೀಜದ ವಿಷಯವಾಗಿ ಜಗಳ ಬಂದರೆ ಊರಿನ ಹಿರಿಯರು ತೀರ್ಪು ಹೇಳಬೇಕಾಗುವುದು. ಆಗ ಮಾತಿಗಿಂತ ಕಣ್ಣಿಗೆ ಹೆಚ್ಚು ಬೆಲೆ ಕೊಡತಕ್ಕದ್ದು. ಒಂದು ಕಡ್ಡಿಯಿಂದ ಪಾತಿಯ ಸಾಲನ್ನು ಮೆಲ್ಲನೆ ಕೆದಕಿ ನೋಡಬೇಕು. ಬೀಜವು ಗಟ್ಟಿಯಾಗಿ, ಬಿತ್ತಿದ ಹಾಗೆಯೇ ಇದ್ದರೆ ಅದು ಹಳೆಯ ಬೀಜವಾಗಿರಬಹುದು, ಅಥವಾ ಅದಕ್ಕೆ ತೇವವೇ ಮುಟ್ಟಿಲ್ಲದಿರಬಹುದು. ಉಬ್ಬಿ, ಮೊಳಕೆಯ ತುದಿ ಕಂದು ಬಣ್ಣವಾಗಿ, ಬೆರಳಿನಲ್ಲಿ ಹಿಸುಕಿದರೆ ಲೋಳೆಯಾದರೆ ಬೀಜವು ಮೊಳೆತು ಕೊಳೆತದ್ದು, ತಪ್ಪು ಪಾತಿಯದು. ಬೀಜವೇ ಸಿಗದೆ ಸಾಲು ಬರಿದಾಗಿದ್ದರೆ ಇರುವೆ ಹೊತ್ತುಕೊಂಡು ಹೋಗಿರುವ ಸಂಭವವಿದೆ. ಸಸಿಯು ಬುಡದಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ತುಂಡಾಗಿದ್ದರೆ ಅದು ಹುಳುವಿನ ಕೆಲಸ; ಬೆಳಗಿನ ಜಾವ ಪಕ್ಕದ ಮಣ್ಣನ್ನು ಬಿಡಿಸಿದರೆ ಸುರುಳಿ ಸುತ್ತಿಕೊಂಡ ಹುಳು ಸಿಕ್ಕುವುದು.

ಇದಕ್ಕಿಂತಲೂ ಮೇಲಾದ ಉಪಾಯವೆಂದರೆ ಬಿತ್ತುವುದಕ್ಕೆ ಮೊದಲೇ ಬೀಜವನ್ನು ಪರೀಕ್ಷಿಸಿಕೊಳ್ಳುವುದು. ನೂರು ಬೀಜಗಳನ್ನು ಎಣಿಸಿ, ಒದ್ದೆಮಾಡಿ ಹಿಂಡಿದ ಹತ್ತಿಯ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಬಟ್ಟೆಯನ್ನು ಸುತ್ತಿ, ಬೆಚ್ಚಗಿರುವ ಸ್ಥಳದಲ್ಲಿ ಇಡಬೇಕು. ಬಟ್ಟೆ ಒಣಗದಂತೆ ನೋಡಿಕೊಂಡು, ಹದಿನಾಲ್ಕನೆಯ ದಿನ ಎಣಿಸಿದರೆ ಎಷ್ಟು ಮೊಳೆತವೆಂಬುದು ತಿಳಿಯುವುದು. ಪ್ರಮಾಣೀಕೃತ ಮೆಣಸಿನ ಬೀಜಕ್ಕೆ ನೂರಕ್ಕೆ ೬೦ ಮೊಳೆಯುವುದು ಕನಿಷ್ಠವೆಂದು ನಿಗದಿಯಾಗಿದೆ. ಅದಕ್ಕೆ ಕಡಮೆಯಾದರೆ ಬೀಜವನ್ನು ಹಿಂದಿರುಗಿಸಬಹುದು. ಕೊಂಡ ಬೀಜದ ಚೀಟಿಯನ್ನೂ ರಶೀದಿಯನ್ನೂ ಒಂದು ಚಿಟಿಕೆ ಬೀಜವನ್ನೂ ನಾಟಿ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಈ ಪರೀಕ್ಷೆಯಲ್ಲಿ ಬೀಜವು ಚೆನ್ನಾಗಿ ಮೊಳೆತು, ಪಾತಿಯಲ್ಲಿ ಮಾತ್ರ ಸತ್ತರೆ ಮಾರಿದವನನ್ನು ಬೈದು ಫಲವಿಲ್ಲ.

ಬೀಜದ ಪ್ರಮಾಣ

ಒಂದು ಎಕರೆಗೆ ಅರ್ಧ ಕಿಲೋಗ್ರಾಂ ಬೀಜ ಬೇಕೆಂಬುದು ರೂಢಿಯಲ್ಲಿರುವ ಲೆಕ್ಕ. ಇದನ್ನು ಸ್ವಲ್ಪ ವಿಚಾರಮಾಡಿ ನೋಡೋಣ. ಅರ್ಧ ಕಿಲೋಗ್ರಾಮಿನಲ್ಲಿ ೭೫,೦೦೦ದಿಂದ ೧,೦೦,೦೦೦ ಬೀಜಗಳಿರುವುವು. ನೂರಕ್ಕೆ ೬೦ರಂತೆ ಮೊಳೆತರೂ ೪೫,೦೦೦ಕ್ಕೆ ಕಡಮೆಯಾಗದಷ್ಟು ಸಸಿಗಳು ಸಿಕ್ಕಬೇಕು. ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ ಎರಡು ಅಡಿ ಬಿಟ್ಟು ನಾಟಿ ಮಾಡಿದರೆ ಎಕರೆಗೆ ಹಿಡಿಸುವ ಗುಣಿಗಳು ೧೦,೮೯೦ ಮಾತ್ರ. ಗುಣಿಗೆ ಎರಡರಂತೆ ನೆಟ್ಟರೂ ೨೨,೦೦೦ ಸಸಿಗಳನ್ನು ಮೀರುವುದಿಲ್ಲ. ಹಾಗಾದರೆ ಉಳಿದ ಸಸಿಗಳು ಎಲ್ಲಿ ಹೋಗುವುವು? ಅವು ಸಾಯುವುವೆಂದು ಮೊದಲೇ ಲೆಕ್ಕ ಹಾಕಿಕೊಂಡೇ ನಾವು ಬಿತ್ತುತ್ತಿದ್ದೇವೆ. ಹೀಗೆ ಒತ್ತಾಗಿ ಬಿತ್ತುವುದರಿಂದಲೇ ಅವು ಸಾಯುತ್ತಿವೆ. ಒತ್ತಾದ ಪಾತಿಯಲ್ಲಿ ಗಾಳಿಯಾಡದು. ಬುಡದ ತೇವವು ಆರದು. ಸಸಿಗಳು ಬೆಳಕಿಗಾಗಿ ಪೈಪೋಟಿಯಿಂದ ಉದ್ದುದ್ದವಾಗಿ ಸಣಕಲಾಗಿ ಬೆಳೆಯುವುವು.

ಚೆನ್ನಾಗಿ ಮೊಳೆಯುವ ಬೀಜವನ್ನು ಪರೀಕ್ಷಿಸಿಕೊಂಡು, ಕ್ರಮವರಿತು ಪಾತಿ ನೋಡಿಕೊಳ್ಳುವ ರೈತನಿಗೆ ಕಾಲು ಕಿಲೋಗ್ರಾಂ ಸಾಕೆಂಬುದು ನಮ್ಮ ಅಭಿಪ್ರಾಯ. ಮೊದಲ ವರ್ಷವೇ ಇಷ್ಟಕ್ಕೆ ಇಳಿಸಲು ಧೈರ್ಯವಿಲ್ಲದವರು ಒಂದು ಪಾತಿಯಲ್ಲಿ ಮಾತ್ರ ಮಾಡಿ ನೋಡಿ, ಉಳಿದ ಪಾತಿಗಳನ್ನು ಹಳೆಯ ರೀತಿಯಲ್ಲಿಯೇ ಬಿತ್ತಿ ಹೋಲಿಸಿಕೊಳ್ಳಬಹುದು.

ಪಾತಿಯ ಸಿದ್ಧತೆ

ಸ್ಥಳವು ಎತ್ತರವಾಗಿಯೂ ಬೆಳಗಿನ ಬಿಸಿಲು ಬೀಳುವಂತೆಯೂ ಇರಬೇಕು. ನೀರು ಹತ್ತಿರವೆಂದು ಬಾವಿಯ ಬದಿಯ ತಗ್ಗನ್ನೋ, ನೆರಳು ತಂಪೆಂದು ಹುಣಿಸೆಮರದ ಕೆಳಗನ್ನೋ ಆರಿಸಕೂಡದು. ಹಿಂದಿನ ವರ್ಷ ಮೆಣಸಿನಕಾಯಿ, ಬದನೆ, ಟೊಮೇಟೊ, ಹೊಗೆಸೊಪ್ಪು ಇವುಗಳ ಪಾತಿಯಿದ್ದ ಕಡೆಯಲ್ಲಿಯೇ ಮತ್ತೆ ಮಾಡಕೂಡದು. ಇವೆಲ್ಲವೂ ಒಂದೇ ಕುಟುಂಬದ ಗಿಡಗಳು. ಒಂದರ ರೋಗ ಮತ್ತೊಂದಕ್ಕೆ ತಗಲುವುದು.

ಪಾತಿಯು ೨೫ ಅಡಿ ಉದ್ದ, ೪ ಅಡಿ ಅಗಲ, ೬ ಅಂಗುಲ ಎತ್ತರವಿದ್ದರೆ ಅನುಕೂಲ. ನಾಲ್ಕಡಿಗಿಂತ ಅಗಲವಾದರೆ ಕಳೆ ತೆಗೆಯಲು ಪಾತಿಯೊಳಗೆ ಕಾಲಿಡಬೇಕಾಗುವುದು. ಇಂತಹ ನಾಲ್ಕು ಪಾತಿಗಳು ಒಂದು ಎಕರೆಗೆ ಸಾಕು. ಪಾತಿಗಳ ನಡುವೆ ಒಂದೂವರೆ ಅಡಿಯ ಕಾಲುವೆಯಿದ್ದು, ಆ ಕಾಲುವೆಯ ನೀರು ಹರಿದು ಹೊರಗೆ ಹೋಗುವಂತಿರಬೇಕು. ಎತ್ತರಿಸಿದ ಪಾತಿಯ ಪ್ರಯೋಜನವು ಜಡಿಮಳೆ ಬಂದ ರಾತ್ರಿ ತಿಳಿಯುವುದು. ಬ್ಯಾಡಗಿಯ ಸುತ್ತಣ ಎರೆಭೂಮಿಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿಯ ಮೆಣಸಿನಕಾಯಿಯು ಕೆಂಪು ಬಣ್ಣಕ್ಕೆ ಹೆಸರಾಗಿ ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದಿದೆ. ಆದರೆ ಆ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಸಿಗೆ, ಅಂದರೆ ಆ ಕಡೆಯವರು ಹೇಳುವ ಅಗಿಗೆ, ಅಷ್ಟು ಹಿತವಲ್ಲ. ಅಂತಹ ಕಡೆಗಳಲ್ಲಿ ಪಾತಿಯ ಮೇಲಿನ ನಾಲ್ಕು ಅಂಗುಲಕ್ಕೆ ಮರಳನ್ನೂ ಕೆಂಪು ಮಣ್ಣನ್ನೂ ಬೆರೆಸಿಕೊಳ್ಳುವುದು ಒಳ್ಳೆಯದು.

ಗೊಬ್ಬರದ ವಿಷಯದಲ್ಲಿ ಒಂದೇ ಮಾತು. ಮೂಸಿ ನೋಡಿದರೆ ಮಣ್ಣಿನ ವಾಸನೆ ಬರುವಂತೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಪಾತಿಯೊಂದಕ್ಕೆ ಸುಮಾರು ೨೫ ಕಿಲೋಗ್ರಾಂ ಜರಡಿ ಹಿಡಿದು ಬೆರೆಸಬೇಕು. ಸೆಗಣಿಯ ವಾಸನೆಯಿರುವ ಹಸಿ ಗೊಬ್ಬರವು ಗೆದ್ದಲನ್ನೂ ಬೂಷ್ಟನ್ನೂ ಕರೆತರುವುದು. ಸಸಿಗಳು ಬೇಗ ಏಳಲೆಂದು ಯೂರಿಯಾ ಚೆಲ್ಲುವ ಅಭ್ಯಾಸವು ಕೆಟ್ಟದ್ದು. ಅದರಿಂದ ಸಸಿ ಏಳುವುದು ನಿಜ; ಏಳುವ ಸಸಿ ಮೆತ್ತಗಿರುವುದೂ ಅಷ್ಟೇ ನಿಜ.

ಮಣ್ಣನ್ನು ಶುದ್ಧಿ ಮಾಡುವುದು

ನಮ್ಮ ಹಿರಿಯರು ಒಟ್ಲುಪಾತಿಯ ಮೇಲೆ ಕಸಕಡ್ಡಿಗಳನ್ನು ಹರಡಿ ಸುಡುತ್ತಿದ್ದುದು ಅರ್ಥವಿಲ್ಲದ ಆಚಾರವಲ್ಲ. ಕರಾವಳಿಯಲ್ಲಿ ತರಗೆಲೆಗಳ ರಾಶಿಯ ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಬೇಯುವಂತೆ ಮಾಡಿ, ಆ ಸುಡುಮಣ್ಣನ್ನು ಗಿಡಗಳಿಗೆ ಉಪಯೋಗಿಸುವ ಪದ್ಧತಿ ಈಗಲೂ ಉಂಟು. ಬಿಸಿಯಿಂದ ಕಳೆಯ ಬೀಜಗಳೂ ಬೂಷ್ಟಿನ ಕಣಗಳೂ ನಾಶವಾಗುವುವು. ಆದರೆ ಪಾತಿಯ ಮೇಲೆ ಉರಿಸುವ ಬೆಂಕಿಯ ಕಾವು ಬಹುಪಾಲು ಮೇಲಕ್ಕೇ ಹೋಗಿಬಿಡುವುದರಿಂದ ಮಣ್ಣಿನಲ್ಲಿ ಅದು ಹೆಚ್ಚು ಆಳಕ್ಕೆ ಇಳಿಯದು. ದನಕ್ಕಾಗುವ ಹುಲ್ಲನ್ನೂ ಗೊಬ್ಬರಕ್ಕಾಗುವ ಎಲೆಯನ್ನೂ ಇದಕ್ಕಾಗಿ ಸುಡುವುದು ನಷ್ಟವೆಂದೇ ಹೇಳಬೇಕು.

ಬಿಸಿಲಿನಿಂದಲೇ ಈ ಕೆಲಸವನ್ನು ಮಾಡಿಕೊಳ್ಳುವ ಸುಲಭ ಮಾರ್ಗವನ್ನು ಇಸ್ರೇಲ್ ದೇಶದ ಕಟಾನ್ ಮೊದಲಾದ ವಿಜ್ಞಾನಿಗಳು ೧೯೭೬ರಲ್ಲಿ ಪ್ರಕಟಿಸಿದರು. ನಮ್ಮ ಬಯಲುಸೀಮೆಯ ಬೇಸಗೆಗೆ ಅದು ಹೇಳಿ ಮಾಡಿಸಿದಂತಿದೆ. ಏಪ್ರಿಲ್ ತಿಂಗಳಲ್ಲಿ ಪಾತಿಯನ್ನು ಪೂರ್ತಿ ಸಿದ್ಧಪಡಿಸಿ, ಹೆಂಟೆಯಿಲ್ಲದಂತೆ ಮಟ್ಟಮಾಡಿ, ಚೆನ್ನಾಗಿ ನೀರುಣಿಸಬೇಕು. ಮರುದಿನ ತೆಳುವಾದ, ಬಣ್ಣವಿಲ್ಲದ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಹೊದಿಸಿ, ನಾಲ್ಕು ಅಂಚುಗಳನ್ನೂ ಮಣ್ಣಿನಿಂದ ಮುಚ್ಚಬೇಕು. ನಾಲ್ಕರಿಂದ ಆರು ವಾರಗಳ ಕಾಲ ಹೀಗೆಯೇ ಬಿಟ್ಟರೆ ಮೇಲ್ಮಣ್ಣು ಹಗಲಿನಲ್ಲಿ ಕೈಯಿಡಲಾರದಷ್ಟು ಕಾಯುವುದು. ಒಣಮಣ್ಣಿಗಿಂತ ತೇವದ ಮಣ್ಣಿನಲ್ಲಿ ಕಾವು ಆಳಕ್ಕೆ ಇಳಿಯುವುದರಿಂದ ಮೊದಲು ನೀರು ಕೊಡುವುದನ್ನು ಮರೆಯಕೂಡದು. ಕಪ್ಪು ಹಾಳೆಯು ತಾನೇ ಕಾದು ಮಣ್ಣನ್ನು ಅಷ್ಟಾಗಿ ಕಾಯಿಸದು. ಬಿಳಿಯ ಪಾರದರ್ಶಕ ಹಾಳೆಯೇ ಬೇಕು. ಹಾಳೆ ತೆಗೆದ ಮೇಲೆ ಪಾತಿಯನ್ನು ಮತ್ತೆ ಆಳವಾಗಿ ಅಗೆಯಬಾರದು. ಅಗೆದರೆ ಕೆಳಗಿನ ಅಶುದ್ಧ ಮಣ್ಣು ಮೇಲೆ ಬಂದು ಮಾಡಿದ ಶ್ರಮವೆಲ್ಲ ವ್ಯರ್ಥವಾಗುವುದು.

ಇದರ ತರುವಾಯ ಟ್ರೈಕೋಡರ್ಮ ಎಂಬ ಉಪಕಾರಿ ಬೂಷ್ಟನ್ನು ಮಣ್ಣಿಗೆ ಸೇರಿಸಿದರೆ ವಿಶೇಷ ಪ್ರಯೋಜನವುಂಟು. ಅದು ರೋಗದ ಬೂಷ್ಟನ್ನು ತಿಂದು ಬದುಕುವ ಜಾತಿ. ನೂರು ಗ್ರಾಂ ಪುಡಿಯನ್ನು ಹತ್ತು ಕಿಲೋಗ್ರಾಂ ಕಳಿತ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿತಟ್ಟು ಮುಚ್ಚಿ ಹತ್ತು ಹದಿನೈದು ದಿನ ಬಿಟ್ಟರೆ ಗೊಬ್ಬರದ ತುಂಬ ಅದು ಹಬ್ಬುವುದು. ಇದನ್ನು ಬಿತ್ತುವ ಮುನ್ನ ಪಾತಿಗಳ ಮೇಲ್ಮಣ್ಣಿಗೆ ಬೆರೆಸಬೇಕು. ಬೀಜಕ್ಕೂ ಕಿಲೋಗ್ರಾಮಿಗೆ ನಾಲ್ಕು ಗ್ರಾಮಿನಂತೆ, ಅಂದರೆ ಕಾಲು ಕಿಲೋಗ್ರಾಂ ಬೀಜಕ್ಕೆ ಒಂದು ಗ್ರಾಂ, ಲೇಪಿಸಿ ನೆರಳಿನಲ್ಲಿ ಆರಿಸಿ ಬಿತ್ತಬಹುದು.

ಬಿತ್ತನೆಯಿಂದ ಮೊಳಕೆಯವರೆಗೆ

ಚೆಲ್ಲುವುದಕ್ಕಿಂತ ಸಾಲಿನಲ್ಲಿ ಬಿತ್ತುವುದು ಉತ್ತಮ. ಪಾತಿಗೆ ಅಡ್ಡಲಾಗಿ ಮೂರು ಅಂಗುಲಕ್ಕೊಂದರಂತೆ ಕಾಲು ಅಂಗುಲ ಆಳದ ಗೆರೆಗಳನ್ನು ಎಳೆದು, ಅಂಗುಲಕ್ಕೆ ಎರಡು ಬೀಜ ಬೀಳುವಂತೆ ಉದುರಿಸಿ, ಜರಡಿ ಹಿಡಿದ ಗೊಬ್ಬರವನ್ನೂ ಮರಳನ್ನೂ ಸಮವಾಗಿ ಬೆರೆಸಿ ತೆಳುವಾಗಿ ಮುಚ್ಚಬೇಕು. ಬೀಜವು ಹೆಚ್ಚು ಆಳಕ್ಕೆ ಬಿದ್ದರೆ ಮೊಳಕೆಯು ಮೇಲೆ ಬರುವಷ್ಟರಲ್ಲಿಯೇ ತನ್ನ ಆಹಾರವನ್ನೆಲ್ಲ ಖರ್ಚುಮಾಡಿಕೊಂಡು ಬಡವಾಗಿರುವುದು. ಮೇಲೆ ರಾಗಿಯ ಹುಲ್ಲನ್ನಾಗಲಿ ಬತ್ತದ ಹುಲ್ಲನ್ನಾಗಲಿ ತೆಳ್ಳಗೆ ಹರಡಿ, ಜರಡಿಮೂತಿಯ ಕ್ಯಾನಿನಿಂದ ಮಳೆ ಹನಿದಂತೆ ನೀರು ಕೊಡಬೇಕು. ಕೊಡದಿಂದ ಸುರಿದರೆ ಬೀಜಗಳು ಕೊಚ್ಚಿ ಒಂದೆಡೆ ಸೇರುವುವು.

ಮೊಳಕೆ ಕಾಣುವವರೆಗೆ ಮೇಲ್ಮಣ್ಣು ಒಂದು ಹೊತ್ತೂ ಒಣಗಕೂಡದು. ಉಬ್ಬಿದ ಬೀಜವು ಒಮ್ಮೆ ಒಣಗಿದರೆ ಮತ್ತೆ ಬದುಕದು. ಈ ನಿಯಮವು ಎಲ್ಲರಿಗೂ ತಿಳಿದದ್ದೇ. ತಿಳಿಯದಿರುವುದೇನೆಂದರೆ, ಮೊಳಕೆ ಕಂಡ ದಿನದಿಂದ ಈ ನಿಯಮವು ತಲೆಕೆಳಗಾಗುವುದೆಂಬುದು. ಅಂದಿನಿಂದ ಮೇಲ್ಮಣ್ಣು ದಿನಕ್ಕೊಮ್ಮೆಯಾದರೂ ಆರಬೇಕು. ಬೇರು ಅಷ್ಟರಲ್ಲಿ ಒಂದೆರಡು ಅಂಗುಲ ಕೆಳಗಿಳಿದಿದ್ದು, ಅಲ್ಲಿಯ ತೇವವೇ ಅದಕ್ಕೆ ಸಾಕಾಗುವುದು. ಮೇಲಿನ ತೇವದಿಂದ ಸಸಿಗೆ ಲಾಭವಿಲ್ಲ, ಬೂಷ್ಟಿಗೆ ಮಾತ್ರ ಲಾಭ. ಬಿತ್ತಿದ ದಿನದಿಂದ ಬೆಳಿಗ್ಗೆ ಸಂಜೆ ನೀರು ಹಾಕುತ್ತಿದ್ದ ಕೈ ಅದೇ ಅಭ್ಯಾಸವನ್ನು ಮುಂದುವರಿಸುವುದರಿಂದಲೇ ಹೆಚ್ಚು ಪಾತಿಗಳು ಹಾಳಾಗುವುವು.

ಹುಲ್ಲಿನ ವಿಷಯವೂ ಇಂತಹುದೇ. ಅಲ್ಲಲ್ಲಿ ಬಗ್ಗಿದ ಕತ್ತುಗಳು ಕಂಡೊಡನೆ, ಎಲ್ಲವೂ ಬರಲೆಂದು ಕಾಯದೆ, ಆ ಸಂಜೆಯೇ ಹುಲ್ಲನ್ನು ತೆಗೆಯತಕ್ಕದ್ದು. ಸಂಜೆಯೇ ಏಕೆಂದರೆ, ಕತ್ತಲಲ್ಲಿದ್ದ ಮೊಳಕೆಗೆ ಮಧ್ಯಾಹ್ನದ ಬಿಸಿಲು ಒಮ್ಮೆಲೇ ತಗಲಿದರೆ ಬಾಡುವುದು. ಎರಡು ದಿನ ತಡಮಾಡಿದರೆ ಸಸಿಗಳು ಹುಲ್ಲಿನೊಳಗೆ ಬೆಳ್ಳಗೆ ಉದ್ದವಾಗಿ ಬೆಳೆದು, ತೆಗೆಯುವಾಗ ಹುಲ್ಲಿನೊಡನೆ ಕಿತ್ತೂ ಬರುವುವು.

ಮೊಳಕೆ ಬಂದ ಮೇಲೆ

ನೀರನ್ನು ಬೆಳಿಗ್ಗೆಯೇ ಕೊಡಬೇಕು; ಹಗಲಿನ ಗಾಳಿಬಿಸಿಲಿಗೆ ಬುಡವು ಆರುವುದು. ಸಂಜೆ ಕೊಟ್ಟ ನೀರು ರಾತ್ರಿಯೆಲ್ಲಾ ನಿಂತಿರುವುದು. ಕೊಡಬೇಕೇ ಬೇಡವೇ ಎಂಬ ಸಂದೇಹ ಬಂದರೆ ಒಂದು ಅಂಗುಲ ಕೆಳಗಿನ ಮಣ್ಣನ್ನು ಚಿಟಿಕೆಯಲ್ಲಿ ತೆಗೆದು ಒತ್ತಿ ನೋಡುವುದು. ಉಂಡೆಯಾಗಿ ನಿಂತರೆ ಅಂದು ನೀರು ಬೇಡ. ಪುಡಿಯಾಗಿ ಉದುರಿದರೆ ಕೊಡಬಹುದು. ಮೋಡ ಕವಿದ ದಿನಗಳಲ್ಲಿ ಎರಡು ಮೂರು ದಿನ ಸುಮ್ಮನಿದ್ದರೂ ಹಾನಿಯಿಲ್ಲ.

ಈ ಕೆಲಸವನ್ನು ಮನೆಯಲ್ಲಿ ಒಬ್ಬರಿಗೇ ವಹಿಸಬೇಕೆಂಬುದು ಅನುಭವದ ಮಾತು. ಬೆಳಿಗ್ಗೆ ಮಗ, ಮಧ್ಯಾಹ್ನ ಆಳು, ಸಂಜೆ ಯಜಮಾನ, ಹೀಗೆ ಹೋದವರೆಲ್ಲ ಒಂದೊಂದು ಕ್ಯಾನು ಸುರಿದು ಬಂದರೆ ಪಾತಿಯ ಗತಿಯೇನು? ಅನೇಕ ಮನೆಗಳಲ್ಲಿ ಹಿತ್ತಲ ಗಿಡಗಳನ್ನು ನೋಡಿಕೊಳ್ಳುವ ಹೆಂಗಸರು ಈ ಹದವನ್ನು ಗಂಡಸರಿಗಿಂತ ಚೆನ್ನಾಗಿ ಬಲ್ಲರು. ಅವರ ಕೈಗೆ ಒಪ್ಪಿಸುವುದೇ ಲೇಸು.

ಹತ್ತು ಹನ್ನೆರಡು ದಿನಗಳಾದ ಮೇಲೆ ಒತ್ತಾಗಿರುವ ಕಡೆ ಸಸಿಗೂ ಸಸಿಗೂ ಸುಮಾರು ಒಂದು ಅಂಗುಲ ಬರುವಂತೆ ಬಡ ಸಸಿಗಳನ್ನು ಕಿತ್ತುಹಾಕಬೇಕು. ಕೀಳಲು ಕೈ ಬಾರದೆ ಕನಿಕರಪಟ್ಟವರು ಕಡೆಗೆ ಎಲ್ಲವನ್ನೂ ಕಳೆದುಕೊಳ್ಳುವರು. ನೆರಳಿಗಾಗಿ ಚಪ್ಪರ ಹಾಕಿದ್ದರೆ ಮಧ್ಯಾಹ್ನದ ಮೂರು ನಾಲ್ಕು ಗಂಟೆಗಳ ಹೊರತು ಉಳಿದ ಹೊತ್ತು ತೆಗೆದಿಡುವುದು. ಮಳೆಯ ಸೂಚನೆಯಿದ್ದಾಗ ಮಾತ್ರ ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಗ್ಗಿಸಿ ಪ್ಲಾಸ್ಟಿಕ್ ಹಾಳೆಯನ್ನು ಮೇಲೆ ಹೊದಿಸಿ, ಎರಡು ತುದಿಗಳನ್ನೂ ಗಾಳಿಗೆ ತೆರೆದಿಡಬೇಕು. ಮಳೆ ನಿಂತೊಡನೆ ತೆಗೆಯಬೇಕು. ಎಲೆ ಮುದುರುವ ರೋಗವನ್ನು ತರುವ ಬಿಳಿನೊಣಗಳು ಪಾತಿಯಲ್ಲಿದ್ದಾಗಲೇ ಸಸಿಗೆ ಅಂಟಿಕೊಳ್ಳುವುದರಿಂದ, ಅನುಕೂಲವಿದ್ದವರು ಇದೇ ಕಮಾನುಗಳ ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಹಾಕುವುದು ಒಳ್ಳೆಯದು.

ರೋಗ ಕಾಣಿಸಿಕೊಂಡರೆ

ಸಸಿಗಳು ಬೀಳಲಾರಂಭಿಸಿದ ದಿನ ಮೊದಲು ಮಾಡಬೇಕಾದದ್ದು ನೀರನ್ನು ನಿಲ್ಲಿಸುವುದು. ಅನಂತರ ಬಿದ್ದ ಸಸಿಗಳನ್ನು ಬುಡದ ಮಣ್ಣು ಸಹಿತ, ಸುತ್ತಲೂ ನಾಲ್ಕು ಬೆರಳಿನಷ್ಟು ಆರೋಗ್ಯವಾಗಿ ಕಾಣುವ ಸಸಿಗಳನ್ನೂ ಸೇರಿಸಿ, ಎತ್ತಿ ದೂರಕ್ಕೆ ಸಾಗಿಸಬೇಕು. ಹೊರಗೆ ಆರೋಗ್ಯವಾಗಿ ಕಂಡರೂ ಅವುಗಳಿಗೆ ಆಗಲೇ ರೋಗ ಮುಟ್ಟಿರುವುದು. ಆ ಜಾಗವನ್ನೂ ಸುತ್ತಲ ಪಾತಿಯನ್ನೂ ಬೋರ್ಡೋ ದ್ರಾವಣದಿಂದ ತೋಯಿಸಬೇಕು.

ಅಡಿಕೆ ಬೆಳೆಗಾರರಿಗೆ ಹೊಸದಲ್ಲದ ಈ ದ್ರಾವಣವು ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ್ದು. ಮಿಲಾರ್ದೆ ಎಂಬುವರು ಅದನ್ನು ೧೮೮೫ರಲ್ಲಿ ಪ್ರಸಿದ್ಧಿಗೆ ತಂದರು. ಪಾತಿಗಳಿಗೆ ಬೇಕಾಗುವಷ್ಟನ್ನು ಹೀಗೆ ಮಾಡಿಕೊಳ್ಳಬಹುದು. ನೂರು ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ ಕರಗಿಸುವುದು. ಬೇರೊಂದು ಪಾತ್ರೆಯಲ್ಲಿ ನೂರು ಗ್ರಾಂ ಸುಟ್ಟ ಸುಣ್ಣವನ್ನು ಅರಳಿಸಿ ಐದು ಲೀಟರಿಗೆ ಕಲಸಿ ಸೋಸುವುದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯುವುದು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಗಳನ್ನೇ ಉಪಯೋಗಿಸಬೇಕು, ಕಬ್ಬಿಣದ್ದು ಕೂಡದು. ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿದಾಗ ಕೆಂಪನೆಯ ತಾಮ್ರ ಅಂಟಿಕೊಂಡರೆ ಇನ್ನಷ್ಟು ಸುಣ್ಣದ ನೀರು ಬೆರೆಸಬೇಕು. ಇಲ್ಲವಾದರೆ ಎಳೆಯ ಸಸಿಗಳು ಸುಡುವುವು. ಮಾಡಿದ ದಿನವೇ ಬಳಸಿ ಮುಗಿಸಬೇಕು. ಇಷ್ಟು ಶ್ರಮ ಬೇಡವೆನ್ನುವವರು ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರಿಗೆ ಮೂರು ಗ್ರಾಂ ಪ್ರಮಾಣದಲ್ಲಿ ಕಲಸಿ ಬುಡಗಳಿಗೆ ಹೊಯ್ಯಬಹುದು. ಯಾವುದೇ ತಾಮ್ರದ ಔಷಧಿಯನ್ನು ಹಾಕಿದಾಗ ಟ್ರೈಕೋಡರ್ಮವನ್ನು ಅದರೊಡನೆ ಸೇರಿಸಕೂಡದು, ತಾಮ್ರವು ಅದನ್ನೂ ಬಾಧಿಸುವುದು. ಮೈಲುತುತ್ತವು ವಿಷಪದಾರ್ಥವಾದುದರಿಂದ ಮಕ್ಕಳ ಕೈಗೂ ದನಗಳ ಬಾಯಿಗೂ ಸಿಕ್ಕದಂತೆ ಇಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕಿತ್ತ ರೋಗದ ಸಸಿಗಳನ್ನು ಕಾಲುವೆಗೆ ಎಸೆಯುವ ಕೆಟ್ಟ ರೂಢಿಯ ವಿಷಯದಲ್ಲಿ ಊರಿನ ಮುಖಂಡರು ಬಿಗಿಯಾಗಿರಬೇಕು. ನೀರಿನಲ್ಲಿ ಈಜುವ ರೋಗವನ್ನು ನೀರಿಗೇ ಬಿಟ್ಟರೆ ಕೆಳಗಿನ ಹೊಲದವನ ಪಾತಿಗೆ ಅದು ನೇರವಾಗಿ ತಲುಪುವುದು.

ನಾಟಿಗೆ ಸಿದ್ಧಗೊಳಿಸುವುದು

ಐದರಿಂದ ಆರು ವಾರಗಳಲ್ಲಿ ಸಸಿಗಳು ನಾಲ್ಕರಿಂದ ಆರು ಅಂಗುಲ ಎತ್ತರವಾಗಿ ನಾಟಿಗೆ ಬರುವುವು. ಕೀಳುವುದಕ್ಕೆ ಒಂದು ವಾರ ಮುಂಚಿತವಾಗಿ ನೆರಳನ್ನು ಪೂರ್ತಿ ತೆಗೆದು, ನೀರನ್ನು ಕ್ರಮವಾಗಿ ಕಡಮೆಮಾಡಿ ಸಸಿಗಳನ್ನು ಗಡುಸುಗೊಳಿಸಬೇಕು. ಕೀಳುವ ದಿನ ಬೆಳಿಗ್ಗೆ ಮಾತ್ರ ಚೆನ್ನಾಗಿ ನೀರುಣಿಸಿದರೆ ಬೇರು ಹರಿಯದೆ ಮಣ್ಣು ಸಹಿತ ಬರುವುವು. ಉದ್ದವಾದ ಸಸಿಯೇ ಒಳ್ಳೆಯದೆಂದು ಆರಿಸುವವರು ಮೋಸಹೋಗುವರು. ಗಿಡ್ಡವಾಗಿ, ಬುಡ ದಪ್ಪವಾಗಿ, ಎಲೆ ಕಡುಹಸುರಾಗಿ, ಬೇರು ಬಿಳುಪಾಗಿರುವ ಸಸಿಯೇ ಹೊಲದಲ್ಲಿ ನಿಲ್ಲುವುದು. ಬೇರು ಕಂದಾಗಿರುವುದನ್ನು ನೆಡಕೂಡದು.

ಈಚಿನ ವರ್ಷಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಗುಳಿತಟ್ಟೆಗಳಲ್ಲಿ ಸಸಿ ಬೆಳೆಸುವ ಪದ್ಧತಿಯು ಪ್ರಚಾರಕ್ಕೆ ಬಂದಿದೆ. ಗುಳಿಗೊಂದು ಸಸಿಯಿರುವುದರಿಂದ ರೋಗವು ಒಂದರಿಂದೊಂದಕ್ಕೆ ಸುಲಭವಾಗಿ ದಾಟದು. ಬೇರು ಹರಿಯದೆ ನಾಟಿಯಾಗುವುದು. ಬೆಲೆಬಾಳುವ ಬೀಜವನ್ನು ಕೊಂಡವರಿಗೆ ಇದು ನಿಶ್ಚಯವಾಗಿಯೂ ತಕ್ಕದ್ದು. ಆದರೆ ಆ ತಟ್ಟೆಗಳಲ್ಲಿಯೂ ಹಗಲಿರುಳು ನೀರು ಸುರಿದರೆ ಸಸಿಗಳು ಬೀಳುವುವು. ಒಮ್ಮೆ ಉಪಯೋಗಿಸಿದ ತಟ್ಟೆಗಳನ್ನು ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಮುಂದಿನ ಬಿತ್ತನೆಗೆ ತೆಗೆದುಕೊಳ್ಳಬೇಕು. ಹಳೆಯ ನಾರಿನ ಪುಡಿಯನ್ನು ಮತ್ತೆ ತುಂಬದೆ ಹೊಲದ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.